ಸ್ವಯಂಸೇವಕರ ವಿಶ್ವಕೋಶವೂ ಹಲ್ಮಿಡಿ ಶಾಸನದ ಕಾಲವೂ

2001ರಲ್ಲಿ ಆರಂಭವಾದ ವಿಕಿಪೀಡಿಯ ಎಂಬ ಅಂತರಜಾಲ ವಿಶ್ವಕೋಶದಲ್ಲಿ ಪ್ರಾಚೀನ ಇತಿಹಾಸದ ಲೇಖನಗಳನ್ನು ಸ್ವಯಂಸೇವಕರು ಕೂಡಿ ಬರೆಯುತ್ತಾರೆ. ಅಲ್ಲಿ ಲೇಖಕನ ಸ್ವಂತ ಸಂಶೋಧನೆಗೆ ಅವಕಾಶವಿಲ್ಲ. ಪ್ರಕಟಿತ ಆಧಾರವೇ ಪ್ರಮಾಣ. ಈ ನಿಯಮದ ಬೆಲೆಯನ್ನು ಹಲ್ಮಿಡಿ ಶಾಸನದಿಂದ ತಿಳಿಯಬಹುದು. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಸುಮಾರು ಕ್ರಿ.ಶ. 450 ಎಂಬುದು ಲಿಪಿ, ಭಾಷೆ ಮೊದಲಾದವುಗಳಿಂದ ವಿದ್ವಾಂಸರು ಮಾಡಿದ ಊಹೆ. ಇದಕ್ಕಿಂತ ಈಚಿನದೆಂಬ ಅಭಿಪ್ರಾಯವೂ ಉಂಟು. ಲೇಖನದಿಂದ ‘ಸುಮಾರು’ ಎಂಬ ಮಾತನ್ನು ಯಾರಾದರೂ ಅಳಿಸಿದರೆ ಊಹೆಯು ನಿರ್ಣಯವಾಗಿಬಿಡುತ್ತದೆ. ಆದರೆ ಹಾಗೆ ಅಳಿಸಿದುದು ಇತಿಹಾಸಪುಟದಲ್ಲಿ ಉಳಿದಿರುವುದರಿಂದ ಮತ್ತೊಬ್ಬರು ಅದನ್ನು ಮರಳಿಸಬಹುದು. ಚರ್ಚಾಪುಟದಲ್ಲಿ ಕಾರಣವನ್ನು ಕೇಳಬಹುದು. ಆದುದರಿಂದ ವಿದ್ಯಾರ್ಥಿಗಳಿಗೆ ಲೇಖನವನ್ನಷ್ಟೇ ಅಲ್ಲದೆ ಈ ಎರಡು ಪುಟಗಳನ್ನೂ ಓದಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.