ಸೀರೆಯ ನೀಲಿ, ಮಡಕೆಯ ನೀಲಿ

ಬೆಳಗಾವಿಯ ಶಹಾಪುರವು ಸೀರೆಯ ನೇಯ್ಗೆಗೆ ಹೆಸರಾದುದು. ಅಲ್ಲಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರು ಸಾಗಿದರೆ ಸಿಗುವ ಖಾನಾಪುರವು ಕುಂಬಾರಿಕೆಗೆ ಹೆಸರಾದುದು. ಸೀರೆಗೆ ಒಪ್ಪುವ ನೀಲಿಗಿಡದ ಕಡುನೀಲಿಯನ್ನೇ ಮಡಕೆಗೂ ಬಳಿದು ಆವಿಗೆಯಲ್ಲಿ ಸುಟ್ಟರೆ ಏನಾದೀತು? ನೀಲಿಯೆಲ್ಲ ಸುಟ್ಟುಹೋಗಿ ಮಣ್ಣಿನ ಕೆಂಪು ಮಾತ್ರ ಉಳಿಯುವುದು. ಇದೇಕೆಂಬುದನ್ನು ವಿಚಾರಿಸೋಣ.

ಹಿಂದೆ ಬಟ್ಟೆಯ ನೀಲಿ ದೊರೆಯುತ್ತಿದ್ದುದು ನೀಲಿಗಿಡದ ಸೊಪ್ಪಿನಿಂದ. ಈ ನೀಲಿ ನೀರಿನಲ್ಲಿ ಕರಗದು; ಕರಗದ ಬಣ್ಣ ನೂಲಿನೊಳಕ್ಕೆ ಇಳಿಯದು. ಆದುದರಿಂದ ನೀಲಿ ಅದ್ದುವ ಕಸುಬಿನ ನೀಲಗಾರರು ಸುಣ್ಣ, ಬೆಲ್ಲ, ತಗಚೆಬೀಜ ಮೊದಲಾದುವನ್ನು ಬೆರೆಸಿ ಹುದುಗೆಬ್ಬಿಸುತ್ತಿದ್ದರು. ಆಗ ಸೂಕ್ಷ್ಮಜೀವಿಗಳ ದೆಸೆಯಿಂದ ನೀಲಿಯು ಅಪಕರ್ಷಣ ಹೊಂದಿ, ಕ್ಷಾರದ ನೀರಿನಲ್ಲಿ ಕರಗುವ ಹಳದಿಹಸಿರು ವಸ್ತುವಾಗುವುದು. ಅದರಲ್ಲಿ ಅದ್ದಿದ ನೂಲನ್ನು ಹೊರತೆಗೆದೊಡನೆ ಗಾಳಿಯ ಆಮ್ಲಜನಕವು ತಾಗಿ, ಕಣ್ಣೆದುರಿನಲ್ಲಿಯೇ ಹಸಿರು ನೀಲಿಯಾಗುವುದು. ಮತ್ತೆ ಮತ್ತೆ ಅದ್ದಿದಷ್ಟೂ ಬಣ್ಣ ಕಡುವಾಗುವುದು.

ಈ ಬಣ್ಣದ ಚರಿತ್ರೆಯಲ್ಲಿ ಕಣ್ಣೀರೂ ಬೆರೆತಿದೆ. 1859ರಲ್ಲಿ ಬಂಗಾಳದ ರೈತರು ಬಲವಂತದ ನೀಲಿಬೆಳೆಯ ವಿರುದ್ಧ ದಂಗೆಯೆದ್ದರು. 1883ರಲ್ಲಿ ಜರ್ಮನಿಯ ವಿಜ್ಞಾನಿ ಬೇಯರ್ ಇದರ ಅಣುರಚನೆಯನ್ನು ಗೊತ್ತುಮಾಡಿದರು; 1897ರಲ್ಲಿ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದಿತು. ಅದರ ಅಣುವೂ ಗಿಡದ ನೀಲಿಯ ಅಣುವೂ ಒಂದೇ. ಗಿಡದ ನೀಲಿಯ ವ್ಯಾಪಾರ ಕುಸಿಯಿತು. ಚಂಪಾರಣ್ಯದ ತೋಟದ ಒಡೆಯರು ತಮ್ಮ ನಷ್ಟವನ್ನು ಗೇಣಿಯ ರೂಪದಲ್ಲಿ ರೈತರ ಮೇಲೆಯೇ ಹೊರಿಸಿದರು. ಗಾಂಧೀಜಿಯವರು 1917ರಲ್ಲಿ ಅಲ್ಲಿಗೆ ಹೋದುದು ಆ ರೈತರ ಮೊರೆಯನ್ನು ಕೇಳಿಯೇ.

ಇನ್ನು ಮಡಕೆಯ ಮಾತು. ಗಿಡದ್ದಾಗಲಿ ಕಾರ್ಖಾನೆಯದಾಗಲಿ, ಈ ನೀಲಿಯು ಇಂಗಾಲದ ಸಂಯುಕ್ತ. ಆವಿಗೆಯ ಉರಿಯಲ್ಲಿ ಅದು ಬಾಳದು. ಅಲ್ಲಿ ಉಳಿಯಬಲ್ಲ ನೀಲಿಯನ್ನು ಕೊಡುವುದು ಕೋಬಾಲ್ಟ್ ಎಂಬ ಲೋಹದ ಆಕ್ಸೈಡು. ಅದು ಪಾತ್ರೆಯ ಮೇಲಿನ ಗಾಜಿನಂತಹ ಮೆರುಗಿನಲ್ಲಿ ಕರಗಿ ಕಡುನೀಲಿಯಾಗುವುದು. ಚೀನದ 14ನೆಯ ಶತಮಾನದ ಪಿಂಗಾಣಿಯಲ್ಲಿ ಕಾಣುವ ನೀಲಿ ಇದೇ.

ಹುಟ್ಟು ಬೇರೆಯಾದರೂ ಈ ಎರಡು ನೀಲಿಗಳ ನಡತೆ ಒಂದು ವಿಷಯದಲ್ಲಿ ಒಂದೇ. ಬಿಳಿಯ ಬೆಳಕಿನ ಕಿತ್ತಳೆ ಭಾಗವನ್ನು ಎರಡೂ ಹೀರಿಕೊಳ್ಳುವುವು. ಕಬ್ಬಿಣದ ಆಕ್ಸೈಡಿನಿಂದ ಕೆಂಪಾದ ಸುಟ್ಟ ಮಣ್ಣಾದರೋ ಆ ಭಾಗವನ್ನೇ ಹಿಂದಿರುಗಿಸುವುದು. ಒಂದು ನುಂಗಿದುದನ್ನು ಇನ್ನೊಂದು ಕೊಡುವುದರಿಂದ ಇವೆರಡೂ ಒಂದರ ಪಕ್ಕದಲ್ಲಿ ಇನ್ನೊಂದು ಎದ್ದುಕಾಣುವುವು. ಕಡುನೀಲಿ ಸೀರೆಗೆ ಕೆಂಪು ದಡಿ ಒಪ್ಪುವ ಗುಟ್ಟೂ ಬಹುಮಟ್ಟಿಗೆ ಇದೇ. ಕಡುನೀಲಿ ಬಟ್ಟೆಯ ಮೇಲೆ ಕೆಂಪು ಮಡಕೆಯೊಂದನ್ನು ಇಟ್ಟರೆ ಇದನ್ನು ನಾವೇ ಪರೀಕ್ಷಿಸಿ ನೋಡಬಹುದು.