ಅರದ ಹಲ್ಲಿಗೂ ಒಂದು ದಿಕ್ಕುಂಟು

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ. ಕಮಲಾಪುರದ ಬಸ್ ನಿಲ್ದಾಣದಲ್ಲಿ ಪಾಲಕರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಪಕ್ಕದಲ್ಲಿ ಮಗ ತಲೆ ತಗ್ಗಿಸಿ ನಿಂತಿದ್ದ. "ಸರ್, ಪಿ.ಯು. ಸೈನ್ಸ್ ಬ್ಯಾಡ, ಫಿಟ್ಟರ್ ಕಲೀತೀನಿ ಅನ್ಲತ್ತಾನ್ರೀ. ಕಬ್ಬಿಣ ತಿಕ್ಕೋ ಕೆಲ್ಸಕ್ಕ ಎರಡು ವರ್ಷ ಸಾಲಿ ಯಾಕ ಬೇಕ್ರೀ? ನೀವರ ಬುದ್ಧಿ ಹೇಳ್ರೀ" ಎಂದರು. ಅಷ್ಟರಲ್ಲಿ ಕಲಬುರಗಿ ಬಸ್ಸು ಬಂದುಬಿಟ್ಟಿತು. ಅವರಿಗೆ ಅಂದು ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನದೇ ಪೆದ್ದುತನ. ಬಿ.ಎಸ್ಸಿ. ಮುಗಿಸಿದ ಹೊಸತು. ಮನೆಯ ಬಾಗಿಲ ಚಿಲಕ ಬಿಗಿಯಾಗಿತ್ತೆಂದು ಅರ ತಂದು ಉಜ್ಜಲು ಕೂತೆ. ವರ್ಕ್‌ಶಾಪಿನವರು ಫೈಲು ಎನ್ನುವುದು ಇದಕ್ಕೇ. ಮರದ ಹಿಡಿಕೆ ಹಾಕಿಸಿರಲಿಲ್ಲ. ಹಿಂದಕ್ಕೂ ಮುಂದಕ್ಕೂ ಒಂದೇ ಸಮ ಒತ್ತಿ ಉಜ್ಜಿದೆ. ಒಮ್ಮೆ ಕೈ ಜಾರಿ ಅರದ ಚೂಪು ಬಾಲ ಅಂಗೈಯೊಳಗೆ ಹೊಕ್ಕಿತು. ಕಲೆ ಇನ್ನೂ ಇದೆ. ಚಿಲಕ ಸವೆಯಲಿಲ್ಲ, ಅರ ಮಾತ್ರ ಮೊಂಡಾಯಿತು. ಘರ್ಷಣೆಯ ಪ್ರಶ್ನೆಗೆ ಪೂರ್ತಿ ಅಂಕ ಪಡೆದವನ ಕತೆ ಇದು!

ಅರವನ್ನು ಬೆಳಕಿಗೆ ಹಿಡಿದು ನೋಡಿ. ಅದರ ಹಲ್ಲುಗಳು ತುದಿಯ ಕಡೆಗೆ ವಾಲಿರುತ್ತವೆ. ಆದ್ದರಿಂದ ಮುಂದಕ್ಕೆ ತಳ್ಳುವಾಗ ಮಾತ್ರ ಅದು ಲೋಹವನ್ನು ಕೆರೆಯುತ್ತದೆ. ಹಿಂದಕ್ಕೆ ಎಳೆಯುವಾಗ ಒತ್ತಡ ಬಿಡಬೇಕು, ಇಲ್ಲವಾದರೆ ಹಲ್ಲಿನ ಮೊನೆ ಸವೆಯುತ್ತದೆ. ಚಪ್ಪಟೆ, ಅರ್ಧಗೋಲ, ದುಂಡು, ಚೌಕ, ಮುಕ್ಕೋನ ಎಂದು ಆಕಾರಗಳು ಹಲವು. ಒರಟು ಹಲ್ಲಿನಿಂದ ಆರಂಭಿಸಿ ನಯ ಹಲ್ಲಿನಿಂದ ಮುಗಿಸುವುದು ಕ್ರಮ. ಅರವನ್ನು ಮಾಡುವುದು ಇಂಗಾಲದ ಅಂಶ ಹೆಚ್ಚಿರುವ ಗಟ್ಟಿ ಉಕ್ಕಿನಿಂದ. ಗಟ್ಟಿಯಾದದ್ದು ಬಾಗುವುದಿಲ್ಲ, ಮುರಿಯುತ್ತದೆ. ಅದರಿಂದ ಡಬ್ಬದ ಮುಚ್ಚಳ ಮೀಟುವವರು ಇದನ್ನು ನೆನಪಿಡಬೇಕು. ಗುರುತು ಸಿಗದ ಉಕ್ಕಿನ ತುಂಡೊಂದು ಕೈಗೆ ಬಂದರೆ ಅರದ ಅಂಚಿನಿಂದ ಒಮ್ಮೆ ಗೀರಿ ನೋಡಿ. ಅರ ಕಚ್ಚಿದರೆ ಮೆದು, ಜಾರಿದರೆ ಗಟ್ಟಿ.

ಲೋಹ ಕೊಯ್ಯುವ ಹ್ಯಾಕ್ಸಾ ಗರಗಸಕ್ಕೂ ದಿಕ್ಕಿನ ಇದೇ ನಿಯಮ: ಬ್ಲೇಡಿನ ಹಲ್ಲು ಹಿಡಿಕೆಯಿಂದ ಆಚೆಗೆ ಮುಖ ಮಾಡಿರಬೇಕು. ಒಂದು ಅಂಗುಲಕ್ಕೆ 14, 18, 24, 32 ಹಲ್ಲುಗಳ ಬ್ಲೇಡುಗಳು ಸಿಗುತ್ತವೆ. ತೆಳು ಪೈಪು ಕೊಯ್ಯುವಾಗ 18 ಹಲ್ಲಿನದನ್ನು ಹಾಕಿದರೆ ಎರಡು ಹಲ್ಲುಗಳ ನಡುವೆ ಪೈಪಿನ ಗೋಡೆ ಸಿಕ್ಕಿಕೊಂಡು ಹಲ್ಲು ಹಾರುತ್ತದೆ. ಕನಿಷ್ಠ ಮೂರು ಹಲ್ಲಾದರೂ ಲೋಹದ ಮೇಲೆ ಕೂತಿರಬೇಕು. ಹೀಗಾಗಿ ತೆಳುವಾದದ್ದಕ್ಕೆ 32.

ನನಗೆ ಅತ್ಯಂತ ಪ್ರಿಯವಾದದ್ದು ಚಾಣ, ಅಂದರೆ ಕಬ್ಬಿಣ ಕಡಿಯುವ ಉಳಿ. ಒಂದೇ ತುಂಡಿನಲ್ಲಿ ಎರಡು ಗುಣ! ಬಾಯಿ ಗಟ್ಟಿ, ತಲೆ ಮೆದು. ತಲೆಯೂ ಗಟ್ಟಿಯಾಗಿದ್ದರೆ ಸುತ್ತಿಗೆಯ ಪೆಟ್ಟಿಗೆ ಚೂರು ಸಿಡಿಯುತ್ತಿತ್ತು. ನಮ್ಮ ಹಳ್ಳಿಯ ಕಂಬಾರರು ಇದನ್ನು ಹೇಗೆ ಸಾಧಿಸುತ್ತಾರೆ ಗೊತ್ತೇ? ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಾಯಿಯನ್ನಷ್ಟೇ ನೀರಿಗೆ ಅದ್ದಿ, ತಟ್ಟನೆ ಉಜ್ಜಿ ಹೊಳಪು ತರುತ್ತಾರೆ. ಮೇಲ್ಭಾಗದಲ್ಲಿ ಉಳಿದ ಕಾವು ಕೆಳಗಿಳಿದಂತೆ ಬಣ್ಣಗಳು ಓಡಿ ಬರುತ್ತವೆ. ಹುಲ್ಲಿನ ಹಳದಿ ಎಂದರೆ ಸುಮಾರು 230 ಡಿಗ್ರಿ ಸೆಲ್ಸಿಯಸ್, ನೀಲಿ ಎಂದರೆ 300ರ ಆಸುಪಾಸು. ಬೇಕಾದ ಬಣ್ಣ ಬಾಯಿಗೆ ಬಂದ ಕ್ಷಣ ಮತ್ತೆ ನೀರು. ಉಕ್ಕಿನ ಮೇಲೆ ಬೆಳೆಯುವ ಆಕ್ಸೈಡಿನ ತೆಳು ಪೊರೆಯೇ ಆ ಬಣ್ಣಕ್ಕೆ ಕಾರಣ. ಸಾಬೂನಿನ ಗುಳ್ಳೆಯಲ್ಲಿ ಕಾಣುವುದೂ ಇಂಥದೇ ಬೆಳಕಿನ ಆಟ. ಥರ್ಮಾಮೀಟರ್ ಇಲ್ಲದೆ ಕಣ್ಣಳತೆಯಲ್ಲೇ ಉಷ್ಣತೆ ತಿಳಿಯುವ ಆ ಮನುಷ್ಯನನ್ನು ನಾವು ಓದಿಲ್ಲದವನೆಂದು ಕರೆಯುತ್ತೇವೆ.

ಪೆಟ್ಟು ತಿಂದು ತಿಂದು ಚಾಣದ ತಲೆ ಅಣಬೆಯಂತೆ ಅರಳುತ್ತದೆ. ಆ ಅಂಚು ಹಾರಿದರೆ ಕಣ್ಣೇ ಹೋಗಬಹುದು. ಸಾಣೆ ಹಿಡಿದು ತೆಗೆಯದೆ ಅದನ್ನು ಮುಟ್ಟಬೇಡಿ, ಕನ್ನಡಕ ಹಾಕದೆ ಹೊಡೆಯಬೇಡಿ.

ಇನ್ನು ಅಳತೆ. ಫ್ರಾನ್ಸಿನ ಪಿಯರ್ ವರ್ನಿಯರ್ 1631ರಲ್ಲಿ ಪ್ರಕಟಿಸಿದ ಮಾಪಕವನ್ನೇ ನಾವು ಪ್ರಯೋಗಾಲಯದಲ್ಲಿ ಕಲಿಸುತ್ತೇವೆ. ಶಾಲೆಯದು 0.1 ಮಿ.ಮೀ. ತೋರಿಸಿದರೆ, ಫಿಟ್ಟರ್ ಬಳಸುವುದು 0.02 ಮಿ.ಮೀ.ನದು.

ಈಗ ಆ ತಂದೆಯ ಪ್ರಶ್ನೆಗೆ ಬರುತ್ತೇನೆ. ಐ.ಟಿ.ಐ.ಯ ಎರಡು ವರ್ಷ ಬೇಕಾಗುವುದು ಇದಕ್ಕೇ. ಯಾವ ಲೋಹಕ್ಕೆ ಯಾವ ಹತಾರ, ಯಾಕೆ ಎಂಬುದು ಕೈಗೂ ತಲೆಗೂ ಒಟ್ಟಿಗೆ ಇಳಿಯಬೇಕು. ಕಲಬುರಗಿಯ ತೊಗರಿ ಬೇಳೆ ಮಿಲ್ಲುಗಳಿಗೂ, ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೂ ಯಂತ್ರ ಕೆಟ್ಟಾಗ ಬೇಕಾಗುವವನು ಫಿಟ್ಟರನೇ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಒಪ್ಪುವ ಟ್ರೇಡುಗಳಲ್ಲಿ ಇದೂ ಒಂದು. ಮುಂದೆ ಓದುವ ಮನಸ್ಸಾದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿಯೂ ಇದೆ. ಹುಡುಗಿಯರಿಗೂ ಈ ಟ್ರೇಡಿನ ಬಾಗಿಲು ತೆರೆದಿದೆ, ಕೇಳುವ ಪಾಲಕರು ಕಡಿಮೆ ಅಷ್ಟೇ. ಎಲ್ಲರೂ ಫಿಟ್ಟರ್ ಆಗಲಿ ಎಂದು ನಾನು ಹೇಳುವುದಿಲ್ಲ. ಗಣಿತ ಕಂಡರೆ ಓಡಿಹೋಗುವವನಿಗೆ ಇಲ್ಲಿಯೂ ಸುಖವಿಲ್ಲ. ಅಳತೆ, ಕೋನ, ದಶಮಾಂಶ ಇಲ್ಲದೆ ಒಂದು ದಿನವೂ ನಡೆಯದು.

ಆ ಹುಡುಗನಿಗೆ ನನ್ನದೊಂದು ಮಾತು. ಎರಡು ಅಂಗುಲದ ಕಬ್ಬಿಣದ ಪಟ್ಟಿಯೊಂದನ್ನು ತಂದು ವೈಸಿಗೆ ಬಿಗಿ. ಹಿಡಿಕೆಯಿರುವ ಅರದಿಂದ ಅಂಚು ಸಮ ಮಾಡು. ಮಟ್ಟಸವಾಯಿತು ಎನಿಸಿದಾಗ ಅದರ ಮೇಲೆ ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯ ಬೆಳಕಿಗೆ ಹಿಡಿ. ನಡುವೆ ಕೂದಲೆಳೆಯಷ್ಟು ಬೆಳಕು ತೂರಿ ಬಂದೇ ಬರುತ್ತದೆ. ಅದು ಬರದಂತೆ ಮಾಡಲು ಎಷ್ಟು ದಿನ ಬೇಕಾಯಿತೆಂದು ಅಪ್ಪನಿಗೆ ನೀನೇ ಹೇಳು. ಅಪ್ಪನ ಕೈಗೂ ಒಮ್ಮೆ ಅರ ಕೊಟ್ಟು ನೋಡು.