ಸಾಹಸದ ಆಟಕ್ಕೆ ಹೊಸ ಕಥೆ ಎಲ್ಲಿಂದ?

ಗಣಕಯಂತ್ರದ ಆಟವೆಂದೊಡನೆಯೇ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಅವರ ಅಸಮಾಧಾನಕ್ಕೆ ಕಾರಣವಿಲ್ಲದೆ ಇಲ್ಲ. ಆದರೆ ಆಟಗಳೆಲ್ಲವೂ ಒಂದೇ ಬಗೆಯವಲ್ಲ. ಬೆರಳಿನ ಚುರುಕನ್ನು ಬೇಡುವವು ಕೆಲವು. ಓದುವ, ವಿಚಾರಿಸುವ, ತಾಳ್ಮೆಯಿಂದ ಕುಳಿತು ಯೋಚಿಸುವ ಸ್ವಭಾವವನ್ನು ಬೇಡುವವು ಇನ್ನು ಕೆಲವು. ಈ ಎರಡನೆಯ ಪಂಗಡಕ್ಕೆ ಸೇರಿದ ಅಡ್ವೆಂಚರ್ ಗೇಮ್, ಎಂದರೆ ಸಾಹಸದ ಆಟವು, ಕಾದಂಬರಿಗೂ ನಾಟಕಕ್ಕೂ ಹತ್ತಿರದ ನೆಂಟ. ಇಲ್ಲಿ ಆಟಗಾರನೇ ಕಥಾನಾಯಕ. ಅವನು ಒಂದೊಂದು ಸ್ಥಳಕ್ಕೂ ಹೋಗಿ, ಅಲ್ಲಿನ ವಸ್ತುಗಳನ್ನು ಪರೀಕ್ಷಿಸಿ, ಜನರನ್ನು ಮಾತನಾಡಿಸಿ, ಎದುರಾದ ತೊಡಕನ್ನು ಬಿಡಿಸಿದ ಹೊರತು ಕಥೆ ಮುಂದೆ ಸಾಗದು.

೧೯೮೦ರ ದಶಕದಲ್ಲಿಯೂ ೧೯೯೦ರ ದಶಕದ ಮೊದಲ ಭಾಗದಲ್ಲಿಯೂ ಮೆರೆದ ಈ ಪ್ರಕಾರವು ಆಮೇಲೆ ಮೂಲೆಗೆ ಸರಿದು, ಈ ಶತಮಾನದಲ್ಲಿ ಮತ್ತೆ ತಲೆಯೆತ್ತಿದೆ. ಚುಕ್ಕಿಚುಕ್ಕಿಯಾಗಿ ಕಾಣುವ ಚಿತ್ರ, ಕೆಲವೇ ಬಣ್ಣ, ಹೆಬ್ಬೆರಳಿನಷ್ಟು ಎತ್ತರದ ಪಾತ್ರಗಳು—ಇಂಥ ಹಳೆಯ ಮಾದರಿಯನ್ನು ಬೇಕೆಂದೇ ಉಳಿಸಿಕೊಂಡು, ಒಬ್ಬಿಬ್ಬರೇ ಕುಳಿತು ಆಟ ಕಟ್ಟುವ ಪರಿಪಾಠ ಬೆಳೆದಿದೆ. ಅದಕ್ಕೆ ಬೇಕಾದ ಸಲಕರಣೆಯೂ ದುರ್ಲಭವಲ್ಲ. ಕ್ರಿಸ್ ಜೋನ್ಸ್ ಎಂಬಾತನು ೧೯೯೭ರಲ್ಲಿ ಹೊರತಂದ, ಈಗ 'ಅಡ್ವೆಂಚರ್ ಗೇಮ್ ಸ್ಟುಡಿಯೋ' ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಸಾಧನವು ಬೆಲೆಯಿಲ್ಲದೆ ದೊರೆಯುತ್ತದೆ. ದೊರೆಯದಿರುವುದು ಒಂದೇ—ಹೊಸ ಕಥೆ. ಹುದುಗಿದ ನಿಧಿ, ಸೆರೆಯಾದ ರಾಜಕುಮಾರಿ, ಪಾಳುಬಂಗಲೆ, ಕೊಲೆ, ಅನ್ಯಗ್ರಹ: ಇಷ್ಟರೊಳಗೇ ಎಷ್ಟೋ ಕಥೆಗಳು ಗಾಣದೆತ್ತಿನಂತೆ ಸುತ್ತುತ್ತವೆ. ಹೊಸತನ್ನು ಎಲ್ಲಿ ಹುಡುಕಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಮೊದಲು ಈ ಪ್ರಕಾರದ ಹುಟ್ಟನ್ನು ನೋಡೋಣ. ಅಮೆರಿಕದ ವಿಲ್ ಕ್ರೌಥರ್ ಎಂಬಾತನ ಉದ್ಯೋಗ ಗಣಕಯಂತ್ರಗಳದು. ಹವ್ಯಾಸ ಗುಹೆಗಳನ್ನು ಹೊಕ್ಕು ಅಳೆಯುವುದು. ಕೆಂಟಕಿ ಸಂಸ್ಥಾನದ ಮ್ಯಾಮತ್ ಗುಹಾಸಮೂಹದಲ್ಲಿ ಅವನೂ ಅವನ ಪತ್ನಿ ಪ್ಯಾಟ್ರೀಷಿಯಾಳೂ ಅಳತೆಯ ಕೆಲಸ ಮಾಡಿದ್ದರು. ೧೯೭೦ರ ದಶಕದ ನಡುಭಾಗದಲ್ಲಿ ಅವನು ತನ್ನ ಹೆಣ್ಣುಮಕ್ಕಳು ಆಡಲೆಂದು ಆ ಗುಹೆಯ ಒಂದು ಭಾಗವನ್ನೇ ಮಾತುಗಳಲ್ಲಿ ವರ್ಣಿಸಿ ಆಟವಾಗಿಸಿದನು. ಅದರಲ್ಲಿ ಚಿತ್ರವೇ ಇರಲಿಲ್ಲ. 'ದೀಪ ತೆಗೆದುಕೊ', 'ಉತ್ತರಕ್ಕೆ ಹೋಗು' ಎಂಬಂಥ ಒಂದೆರಡು ಪದಗಳ ಅಪ್ಪಣೆಯನ್ನು ಬೆರಳಚ್ಚಿಸಿದರೆ ಯಂತ್ರವು ಮುಂದಿನ ನೋಟವನ್ನು ಬರಹದಲ್ಲಿ ತಿಳಿಸುತ್ತಿತ್ತು. ೧೯೭೭ರಲ್ಲಿ ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ಎಂಬಾತನು ಅದಕ್ಕೆ ಇನ್ನಷ್ಟು ಮಾಯಾವಿಷಯಗಳನ್ನು ಸೇರಿಸಿ ಬೆಳೆಸಿದನು. ೨೦೦೭ರಲ್ಲಿ ಡೆನಿಸ್ ಜೆರ್ಜ್ ಎಂಬ ವಿದ್ವಾಂಸರು ಕ್ರೌಥರನ ಮೂಲ ಬರಹವನ್ನೂ ನಿಜವಾದ ಗುಹೆಯನ್ನೂ ಹೋಲಿಸಿ, ಆಟದ ಹಾದಿಗಳು ಗುಹೆಯ ಹಾದಿಗಳಿಗೆ ಬಹುಮಟ್ಟಿಗೆ ನಿಷ್ಠವಾಗಿವೆಯೆಂದು ತೋರಿಸಿಕೊಟ್ಟರು.

ಇದರಿಂದ ತಿಳಿಯಬೇಕಾದುದೇನು? ಈ ಪ್ರಕಾರದ ಮೊದಲ ಆಟವೇ ಬರಿಯ ಕಲ್ಪನೆಯ ಕೂಸಲ್ಲ. ಒಬ್ಬನು ಮೊಣಕಾಲೂರಿ ತೆವಳಿ ತಿಳಿದುಕೊಂಡ ಒಂದು ಸ್ಥಳದ, ಒಂದು ಕೆಲಸದ ಅನುಭವ ಅದು. ಅನುಕರಣಮಾಡಿದವರು ಗುಹೆಯನ್ನೂ ನಿಧಿಯನ್ನೂ ಎತ್ತಿಕೊಂಡರು. ಆ ಗುಹೆಗೆ ಜೀವ ತುಂಬಿದ್ದ ಅರಿವನ್ನು ಎತ್ತಿಕೊಳ್ಳುವುದು ಅವರಿಂದಾಗಲಿಲ್ಲ.

ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ, ಹೊಸ ಕಥೆಯನ್ನು ಅರಸುವವರು ಸಾಮಾನ್ಯವಾಗಿ ಹೊಸ ನಾಮಪದವನ್ನು ಅರಸುತ್ತಾರೆ. ಕೋಟೆಯ ಬದಲು ಹಡಗು, ರಾಜನ ಬದಲು ರೋಬಾಟ್, ಭೂಮಿಯ ಬದಲು ಮಂಗಳಗ್ರಹ. ಆದರೆ ಆಟಗಾರನು ಅಲ್ಲಿ ಮಾಡುವ ಕೆಲಸ ಮಾತ್ರ ಹಳೆಯದೇ: ಬೀಗದ ಕೈ ಹುಡುಕು, ಬಾಗಿಲು ತೆರೆ. ನಾಮಪದ ಬದಲಾದ ಮಾತ್ರಕ್ಕೆ ಕಥೆ ಬದಲಾಗದು. ಕಾದಂಬರಿಯನ್ನು ನಾವು ಓದುತ್ತೇವೆ, ಆಟವನ್ನಾದರೋ ಮಾಡುತ್ತೇವೆ. ಆದುದರಿಂದ ಆಟದ ಕಥೆಗೆ ಪ್ರಾಣವಿರುವುದು ಕ್ರಿಯಾಪದದಲ್ಲಿ. ಹೊಸ ಕ್ರಿಯಾಪದ ಸಿಕ್ಕಿತೆಂದರೆ ಹೊಸ ಕಥೆ ತಾನಾಗಿಯೇ ಸಿಕ್ಕಿತು.

ಇದು ಒಣ ಸಿದ್ಧಾಂತವಲ್ಲ. ೧೯೮೭ರಲ್ಲಿ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ ಎಂಬವರು 'ಮೇನಿಯಾಕ್ ಮ್ಯಾನ್ಷನ್' ಎಂಬ ಆಟದಲ್ಲಿ ಬೆರಳಚ್ಚಿಸುವ ಕಷ್ಟವನ್ನು ತಪ್ಪಿಸಿ, ಕ್ರಿಯಾಪದಗಳನ್ನೇ ತೆರೆಯ ಕೆಳಭಾಗದಲ್ಲಿ ಸಾಲಾಗಿ ಬರೆದಿಟ್ಟರು. ತೆರೆ, ಮುಚ್ಚು, ತಳ್ಳು, ಎಳೆ, ಕೊಡು ಎಂಬ ಪಟ್ಟಿಯಿಂದ ಆಟಗಾರನು ಒಂದನ್ನು ಆರಿಸಿದರಾಯಿತು. ಅವರಿಬ್ಬರೇ ಮೂವತ್ತು ವರ್ಷಗಳ ಮೇಲೆ, ೨೦೧೭ರಲ್ಲಿ, ಹಳೆಯ ಮಾದರಿಯಲ್ಲಿಯೇ ಹೊರತಂದ 'ತಿಂಬಲ್‌ವೀಡ್ ಪಾರ್ಕ್' ಆಟದಲ್ಲಿಯೂ ಅಂಥ ಒಂಬತ್ತು ಕ್ರಿಯಾಪದಗಳಿವೆ.

ಗಿಲ್ಬರ್ಟನದೇ ಆದ 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್' ೧೯೯೦ರ ಆಟ. ಕಡಲ್ಗಳ್ಳರ ಕಥೆಯಾದ ಮೇಲೆ ಕತ್ತಿಯುದ್ಧ ಇರಲೇಬೇಕಷ್ಟೆ. ಆದರೆ ಅಲ್ಲಿ ಗೆಲ್ಲುವುದು ಕತ್ತಿಯ ವೇಗದಿಂದಲ್ಲ, ನಾಲಗೆಯ ಮೊನೆಯಿಂದ. ಎದುರಾಳಿ ಒಂದು ಮೂದಲಿಕೆಯ ಮಾತೆಸೆದರೆ ಅದಕ್ಕೆ ತಕ್ಕ ಮರುಮಾತು ಹೂಡಬೇಕು. ದಾರಿಯಲ್ಲಿ ಸಿಕ್ಕ ಕಳ್ಳರೊಡನೆ ಸೆಣಸಿ ಸೋತು ಮಾತುಗಳನ್ನು ಕೂಡಿಸಿಕೊಳ್ಳಬೇಕು. ಕೊನೆಯಲ್ಲಿ ಕತ್ತಿವರಸೆಯ ಗುರುವಾದ ಹೆಂಗಸು ತೀರ ಹೊಸ ಮೂದಲಿಕೆಗಳನ್ನು ಎಸೆಯುವಾಗ, ಹಳೆಯ ಮರುಮಾತುಗಳನ್ನೇ ಅವುಗಳಿಗೆ ಹೊಂದಿಸಬೇಕು. ಕಡಲ್ಗಳ್ಳನೆಂಬ ನಾಮಪದ ಹಳೆಯದು. 'ಮೂದಲಿಸು' ಎಂಬ ಕ್ರಿಯಾಪದ ಹೊಸದು.

ಅದೇ ವರ್ಷ ಬಂದ ಬ್ರಯನ್ ಮೊರಿಯಾರ್ಟಿಯ 'ಲೂಮ್' ಇನ್ನೂ ದಿಟ್ಟವಾದುದು. ನಾಯಕನು ನೇಕಾರರ ಸಂಘದ ಹುಡುಗ; ಅವನ ಕೈಯಲ್ಲಿರುವುದು ನೂಲುವವರ ಒಂದು ಕೋಲು. ನಾಲ್ಕು ಸ್ವರಗಳ ಒಂದೊಂದು ಪಲುಕನ್ನು ನುಡಿಸಿ ಅವನು ಜಗತ್ತನ್ನು ಬದಲಿಸುತ್ತಾನೆ. ತೆರೆಯುವ ಸ್ವರಗಳನ್ನು ಹಿಂದುಮುಂದಾಗಿ ನುಡಿಸಿದರೆ ಅದೇ ಮುಚ್ಚುವ ಮಂತ್ರ. ಕ್ರಿಯಾಪದಗಳ ಪಟ್ಟಿಯನ್ನೇ ತೆಗೆದುಹಾಕಿ, 'ನುಡಿಸು' ಎಂಬ ಒಂದೇ ಕ್ರಿಯೆಯ ಮೇಲೆ ಇಡೀ ಕಥೆಯನ್ನು ನಿಲ್ಲಿಸಿದ ಆಟವಿದು.

ವೃತ್ತಿಯ ಅರಿವೇ ಕಥೆಯಾದ ನಿದರ್ಶನಗಳನ್ನೂ ನೋಡಬಹುದು. ೧೯೮೭ರ 'ಪೊಲೀಸ್ ಕ್ವೆಸ್ಟ್' ಆಟವನ್ನು ರಚಿಸಿದ ಜಿಮ್ ವಾಲ್ಸ್ ಎಂಬಾತನು ಕ್ಯಾಲಿಫೋರ್ನಿಯಾದ ಹೆದ್ದಾರಿ ಪೊಲೀಸಿನಲ್ಲಿ ಕೆಲಸಮಾಡಿ ನಿವೃತ್ತನಾದವನು. ಅವನ ಆಟದಲ್ಲಿ ಕಾರನ್ನು ಒಂದು ಸುತ್ತು ಬಂದು ಪರೀಕ್ಷಿಸದೆ ಹೊರಟರೆ ಚಕ್ರದ ಗಾಳಿ ಹೋಗಿ ಕರ್ತವ್ಯ ಅಲ್ಲಿಗೇ ಮುಗಿಯುತ್ತದೆ. ಹೊರಗಿನವನಿಗೆ ಇದು ಕ್ಷುಲ್ಲಕ. ಆ ಕೆಲಸ ಮಾಡಿದವನಿಗೆ ಮೊದಲ ಪಾಠ.

೨೦೦೬ರಲ್ಲಿ ಡೇವ್ ಗಿಲ್ಬರ್ಟ್ ಎಂಬ ಇನ್ನೊಬ್ಬನು, ಮೇಲೆ ಹೇಳಿದ ಉಚಿತ ಸಾಧನದಿಂದಲೇ, 'ದಿ ಶಿವಾ' ಎಂಬ ಕಿರಿಯ ಆಟವನ್ನು ಕಟ್ಟಿದನು. ನಾಯಕನು ನ್ಯೂಯಾರ್ಕಿನ ಬಡ ಯಹೂದಿ ಧರ್ಮಗುರು. ಅವನ ಪ್ರಾರ್ಥನಾಮಂದಿರಕ್ಕೆ ಬರುವ ಭಕ್ತರು ಕಡಮೆಯಾಗಿದ್ದಾರೆ. ಅವನ ನಂಬಿಕೆಯೂ ಸಡಿಲಿದೆ. ಹಿಂದೆ ತನ್ನೊಡನೆ ಮನಸ್ತಾಪ ಮಾಡಿಕೊಂಡಿದ್ದ ಒಬ್ಬನು ಕೊಲೆಯಾಗಿ, ಗುರುವಿಗೇ ಹಣ ಬಿಟ್ಟುಹೋಗಿದ್ದಾನೆ. ಗುರುವಿನ ಆಯುಧವೇನು? ಪ್ರಶ್ನೆಗೆ ಪ್ರಶ್ನೆಯಿಂದಲೇ ಉತ್ತರಿಸುವ ಅವನ ಪರಂಪರೆಯ ವಾದಕ್ರಮ. ಕೊಲೆಯ ಕಥೆಗಳು ಸಾವಿರ ಇರಬಹುದು. ಈ ಕ್ರಿಯಾಪದವಿರುವ ಕಥೆ ಅಪೂರ್ವ.

ಲೂಕಸ್ ಪೋಪ್ ಎಂಬಾತನ ಎರಡು ಆಟಗಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. ೨೦೧೩ರ 'ಪೇಪರ್ಸ್, ಪ್ಲೀಸ್' ಸಾಹಸದ ಆಟದ ನೆರೆಯ ಪ್ರಕಾರಕ್ಕೆ ಸೇರಿದುದಾದರೂ ನಮ್ಮ ವಿಷಯಕ್ಕೆ ಒಪ್ಪುತ್ತದೆ. ಕಲ್ಪಿತ ದೇಶವೊಂದರ ಗಡಿಯಲ್ಲಿ ಕುಳಿತು ಬಂದವರ ಕಾಗದಪತ್ರ ನೋಡಿ ಮುದ್ರೆ ಒತ್ತುವ ಗುಮಾಸ್ತನೇ ಇಲ್ಲಿ ನಾಯಕ. ತಪ್ಪಾದರೆ ಸಂಬಳದಲ್ಲಿ ಕಡಿತ. ಸಂಬಳ ಸಾಲದಿದ್ದರೆ ಮನೆಯಲ್ಲಿ ಊಟಕ್ಕೂ ಔಷಧಿಗೂ ತತ್ವಾರ. ಎದುರಿಗೆ ನಿಂತ ಹೆಂಗಸಿನ ಕಾಗದ ಸರಿಯಿಲ್ಲ, ಅವಳ ಗಂಡನನ್ನು ಆಗಲೇ ಒಳಗೆ ಬಿಟ್ಟಾಗಿದೆ. ಈಗ ಯಾವ ಮುದ್ರೆ? 'ಮುದ್ರೆ ಒತ್ತು' ಎಂಬ ಕ್ರಿಯಾಪದವು ಧರ್ಮಸಂಕಟವಾಗುವುದು ಹೀಗೆ. ೨೦೧೮ರ 'ರಿಟರ್ನ್ ಆಫ್ ದಿ ಓಬ್ರಾ ಡಿನ್' ಎಂಬುದರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ತನಿಖಾಧಿಕಾರಿ ೧೮೦೭ರಲ್ಲಿ ನಿರ್ಜನವಾಗಿ ಮರಳಿದ ಹಡಗನ್ನು ಹತ್ತಿ, ಅದರಲ್ಲಿದ್ದ ೬೦ ಜನರಲ್ಲಿ ಯಾರು, ಹೇಗೆ, ಏನಾದರೆಂದು ದಾಖಲೆ ಪುಸ್ತಕದಲ್ಲಿ ತುಂಬಬೇಕು. ಇಡೀ ಚಿತ್ರ ಎರಡೇ ಬಣ್ಣಗಳದು. ನಿಧಿಯಿಲ್ಲ, ಯುದ್ಧವಿಲ್ಲ, 'ಗುರುತಿಸು' ಎಂಬುದೊಂದೇ ಕೆಲಸ.

ಕ್ರಿಯೆಗೂ ಕಥೆಗೂ ನಂಟು ತಪ್ಪಿದರೆ ಏನಾಗುವುದೆಂಬುದಕ್ಕೆ ೧೯೯೯ರ 'ಗೇಬ್ರಿಯಲ್ ನೈಟ್' ಸರಣಿಯ ಮೂರನೆಯ ಆಟ ಸಾಕ್ಷಿ. ಜೇನ್ ಜೆನ್ಸನ್ ಎಂಬ ಸಮರ್ಥ ಲೇಖಕಿಯ ಗಂಭೀರವಾದ ಕಥೆ ಅದು. ಆದರೆ ನಾಯಕನು ಗೆಳೆಯನ ಹೆಸರಿನಲ್ಲಿ ಮೋಟಾರು ಸೈಕಲ್ ಬಾಡಿಗೆಗೆ ಪಡೆಯಲು ಬೆಕ್ಕಿನ ಕೂದಲನ್ನು ಪಾಕದಿಂದ ಅಂಟಿಸಿ ಸುಳ್ಳು ಮೀಸೆ ಮಾಡಿಕೊಳ್ಳಬೇಕಾಗಿತ್ತು! ಆ ಗೆಳೆಯನಿಗೆ ಮೀಸೆಯೇ ಇರಲಿಲ್ಲವಾದುದರಿಂದ ಅವನ ಪಾಸ್‌ಪೋರ್ಟಿನ ಚಿತ್ರಕ್ಕೂ ಮೀಸೆ ಬರೆಯಬೇಕಾಗಿತ್ತು! ಇಂಥ ತೊಡಕು ಕಥೆಯಿಂದ ಹುಟ್ಟಿದುದಲ್ಲ; ಕಥೆಯ ದಾರಿಗೆ ಅಡ್ಡಲಾಗಿ ತಂದು ಇಟ್ಟುದು.

ಹಳೆಯ ಮಾದರಿಯ ಮಿತಿಗಳು ಈ ವಿಷಯದಲ್ಲಿ ಶತ್ರುವಲ್ಲ, ಮಿತ್ರನೇ ಸರಿ. ಕೆಲವೇ ಚುಕ್ಕಿಗಳ ಮುಖದಲ್ಲಿ ಕಣ್ಣೀರನ್ನು ತೋರಿಸಲಾಗದು. ಆದುದರಿಂದ ದುಃಖವನ್ನು ಪಾತ್ರದ ಕೃತಿಯಲ್ಲಿಯೇ ತೋರಿಸಬೇಕಾಗುತ್ತದೆ. ಹತ್ತು ಹದಿನೈದು ಸ್ಥಳಗಳಿಗಿಂತ ಹೆಚ್ಚಾಗಿ ಬರೆಯಲು ಒಬ್ಬಿಬ್ಬರ ಕೈಯಲ್ಲಾಗದು. ಆದುದರಿಂದ ಒಂದು ಊರು, ಒಂದು ಕಾರ್ಯಾಲಯ, ಒಂದು ಹಡಗು ಸಾಕು. ಬಯಲಾಟದ ರಂಗದಲ್ಲಿ ಎರಡು ಹೆಜ್ಜೆ ಹಾಕಿದರೆ ಕಾಡು ದಾಟಿದಂತಾಗುವುದಿಲ್ಲವೆ? ಉಳಿದುದನ್ನು ನೋಡುವವನ ಮನಸ್ಸು ತುಂಬಿಕೊಳ್ಳುತ್ತದೆ.

ಇನ್ನು, ಇದರಿಂದ ನಮಗೇನು ಎಂದು ಸಹಪಾಠಿಗಳು ಕೇಳಬಹುದು. ಮೇಲಿನ ನಿದರ್ಶನಗಳೆಲ್ಲವೂ ಪಶ್ಚಿಮದವೇ. ಆದರೆ ನಮ್ಮ ಸುತ್ತಲೂ ಯಾರ ಕಣ್ಣಿಗೂ ಬೀಳದ ಕ್ರಿಯಾಪದಗಳು ರಾಶಿಯಾಗಿ ಬಿದ್ದಿವೆ. ಕೋಲಾರದ ಸೀಮೆಯ ಕೆರೆಗಳ ನೀರುಗಂಟಿಯನ್ನೇ ತೆಗೆದುಕೊಳ್ಳೋಣ. ತೂಬನ್ನು ತೆಗೆದು, ಮುಚ್ಚಿ, ಅಚ್ಚುಕಟ್ಟಿನ ಗದ್ದೆಗದ್ದೆಗೂ ನೀರನ್ನು ಸರದಿಯಂತೆ ಹಾಯಿಸುತ್ತಿದ್ದವನು ಅವನು. ಸುಗ್ಗಿಯಲ್ಲಿ ರೈತರು ಕೊಡುತ್ತಿದ್ದ ಧಾನ್ಯದ ಪಾಲೇ ಅವನ ಕೂಲಿ. ಹಲವು ಊರುಗಳಲ್ಲಿ ಈ ಕೆಲಸ ದಲಿತ ಮನೆತನಗಳದಾಗಿತ್ತು. ಯಾರ ಗದ್ದೆಗೆ ನೀರು ಹಾಯಿಸುವನೋ ಅವರ ಜಗಲಿಯನ್ನು ಹತ್ತುವಂತಿಲ್ಲದ ಒಬ್ಬನ ಕೈಯಲ್ಲಿ ಇಡೀ ಊರಿನ ಬೆಳೆ! ಮಳೆ ಕೈಕೊಟ್ಟ ವರ್ಷ, ಕೆರೆಯಲ್ಲಿ ಅರ್ಧ ನೀರು, ಮೇಲಿನ ಗದ್ದೆ ಗೌಡರದು, ಕೊನೆಯ ಗದ್ದೆ ವಿಧವೆಯೊಬ್ಬಳದು. ಈಗ ಆಟಗಾರನ ಮುಂದಿರುವ ಕ್ರಿಯಾಪದ ಒಂದೇ—'ಹಂಚು'. ಇದಕ್ಕಿಂತ ಉದ್ವೇಗದ ಸಾಹಸ ಯಾವ ಗ್ರಹದಲ್ಲಿದೆ?

ಅದೇ ಸೀಮೆಯ ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದು, ೨೦೦೧ರಲ್ಲಿ ಮುಚ್ಚಿಹೋಯಿತು. ಆ ಕತ್ತಲೆಯ ಸುರಂಗಗಳಲ್ಲಿ ದಾರಿ ತಿಳಿದು ನಡೆದವರು ಈಗ ವೃದ್ಧರು. ಕ್ರೌಥರನು ತನ್ನ ಗುಹೆಯನ್ನು ಬರೆದಿಟ್ಟನು. ಇವರ ಗುಹೆಯನ್ನು ಬರೆಯುವವರು ಯಾರು? ನೀರುಗಂಟಿಯ ಲೆಕ್ಕವೂ ಗಣಿಯವನ ಕಿವಿಯ ಸೂಕ್ಷ್ಮವೂ ಗ್ರಂಥಗಳಲ್ಲಿ ಪೂರ್ತಿ ಇಳಿಯುವಂಥವಲ್ಲ. ಮಾಡಿ ತಿಳಿಯಬೇಕಾದ ವಿದ್ಯೆಯನ್ನು ಕಿಂಚಿತ್ತಾದರೂ ಮಾಡಿಸಿ ತಿಳಿಸುವ ಶಕ್ತಿ ಆಟಕ್ಕಿದೆ.

ಕಥೆ ಹುಡುಕುವವರಿಗೆ ನಾಲ್ಕು ಪ್ರಶ್ನೆಗಳು ಸಾಕು. ಈ ವ್ಯಕ್ತಿ ದಿನವೂ ಮಾಡುವ ಕೆಲಸ ಯಾವುದು, ಅದನ್ನು ಒಂದೇ ಕ್ರಿಯಾಪದದಲ್ಲಿ ಹೇಳಬಹುದೆ? ಆ ಕೆಲಸದವರಿಗೆ ಮಾತ್ರ ಗೊತ್ತಿರುವ ನಿಯಮ ಯಾವುದು? ಆ ನಿಯಮ ಮುರಿದರೆ, ಅಥವಾ ಪಾಲಿಸಿದರೆ, ನೋವು ಯಾರಿಗೆ? ಇಷ್ಟನ್ನೂ ಹತ್ತು ಸ್ಥಳಗಳೊಳಗೆ ಹಿಡಿಸಬಹುದೆ? ಇವಕ್ಕೆ ಉತ್ತರ ಬರೆಯಲು ಯಂತ್ರ ಬೇಡ. ಒಂದು ನೋಟ್‌ಬುಕ್ಕೂ ಒಬ್ಬ ಹಿರಿಯರೊಡನೆ ಒಂದು ಸಂಜೆಯೂ ಸಾಕು.

ಕನ್ನಡದ ವಾಕ್ಯದಲ್ಲಿ ಕರ್ತೃ, ಕರ್ಮಗಳೆಲ್ಲ ಬಂದು ಕಾದು ನಿಂತ ಮೇಲೆ ಸಾಮಾನ್ಯವಾಗಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಬಂದ ಹೊರತು ಅರ್ಥ ಪೂರ್ಣವಾಗದು. ನಮ್ಮ ಊರು ಕೇರಿಗಳ ಕಥೆಗಳೂ ಹಾಗೆಯೇ ಕಾದು ನಿಂತಿವೆ. ಈ ರಜೆಯಲ್ಲಿ ಯಾರಾದರೂ ಇಬ್ಬರು ಗೆಳೆಯರು ಕೂಡಿ ಅಂಥ ಒಂದು ಕ್ರಿಯಾಪದವನ್ನು ಹುಡುಕಿ ತಂದರೆ, ಮುಂದಿನ ವರ್ಷದ ಸಂಚಿಕೆಯಲ್ಲಿ ಅದನ್ನು ಕುರಿತು ಓದಲು ನಾವೆಲ್ಲರೂ ಕಾದಿರುತ್ತೇವೆ.